ಹನಿಯಣ್ಣನ ಸ್ಲೇಟು

ಏಳನೆಯ ಕಂತು

"ಇನ್ನೊಂದು ಸಲ ಓದಿ," ಎಂದಳು ಎಸ್ಸೈ.

"ಎಷ್ಟು ಸಲ ಮೇಡಂ? ಬಾಯಿಪಾಠ ಆಗೋಗಿದೆ."

"ಹಾಗಾದ್ರೆ ಇನ್ನೂ ಸುಲಭ. ಓದಿ."

ವಿಶ್ವವಿದ್ಯಾಲಯದ ವಿಜ್ಞಾನ ಜಾಲತಾಣವನ್ನು ನೋಡಿಕೊಳ್ಳುವ ಸಂಪಾದಕ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಮೂವತ್ತರ ಆಸುಪಾಸಿನವನು. ಕುತ್ತಿಗೆಯಲ್ಲಿ ಹೆಡ್‌ಫೋನು, ಮೇಜಿನ ಮೇಲೆ ಅರ್ಧ ಕುಡಿದು ಮರೆತ ಮೂರು ಲೋಟ.

ಪರದೆಯ ಮೇಲೆ ಸಾಲಾಗಿ ಫೋಟೊಗಳು. ಎಲ್ಲದರಲ್ಲೂ ಒಂದೇ ದೃಶ್ಯ. ಭೂವಿಜ್ಞಾನ ವಿಭಾಗದ ನೆಲಮಾಳಿಗೆಯ ಕಮಾನಿನಿಂದ ಇಳಿಬಿದ್ದ ಸುಣ್ಣಗಲ್ಲಿನ ಬಿಳಲು, ಅದರ ತುದಿಯಲ್ಲಿ ಬೀಳಲೋ ಬೇಡವೋ ಎನ್ನುವ ಒಂದು ಹನಿ, ಪಕ್ಕದಲ್ಲಿ ಒಂದು ಸ್ಲೇಟು. ಸ್ಲೇಟಿನ ಮೇಲೆ ತಗಡಿನ ಅಚ್ಚು ಇಟ್ಟು ಸೀಮೆಸುಣ್ಣದಲ್ಲಿ ಬರೆದ ತಾರೀಕು, ಕೆಳಗೆ ಒಂದು ಅಂಕಿ. ಹತ್ತು ಹನಿ ಬೀಳಲು ಹಿಡಿದ ಸೆಕೆಂಡುಗಳು.

ಆ ಅಂಕಿ ಬರೆಯುತ್ತಿದ್ದ ಲ್ಯಾಬ್ ಅಟೆಂಡರ್, ಎಲ್ಲರ ಬಾಯಲ್ಲಿ ಹನಿಯಣ್ಣ, ಶುಕ್ರವಾರದಿಂದ ಕಾಣೆ. ಅವನ ತಂಗಿಯ ಗಂಡ ಇವತ್ತು, ಮಂಗಳವಾರ, ಬೆಳಿಗ್ಗೆಯಿಂದ ಲಾಕಪ್ಪಿನಲ್ಲಿ. ನಾಳೆ ಹತ್ತೂವರೆಗೆ ಅವನನ್ನು ಕೊಲೆ ಆರೋಪಿ ಎಂದು ಕೋರ್ಟಿನಲ್ಲಿ ನಿಲ್ಲಿಸಲು ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು ಕಾಗದ ಸಿದ್ಧ ಮಾಡಿಸಿಯಾಗಿತ್ತು.

ಸಾಹೇಬರ ಕೇಸು ಸರಳ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಫೋಟೊ ಬಂದಿದೆ. ಅಂದರೆ ಹನಿಯಣ್ಣ ಬದುಕಿದ್ದ. ಗುರುವಾರ ಸಂಜೆ ತಂಗಿಯ ಗಂಡ ನೆಲಮಾಳಿಗೆಯ ಬಾಗಿಲು ಬಡಿದು "ನಿನ್ನ ಮುಗಿಸಿಬಿಡ್ತೀನಿ" ಎಂದು ಅರಚಿದ್ದನ್ನು ಗೇಟಿನ ಕಾವಲುಗಾರ ಕೇಳಿದ್ದಾನೆ. ಶುಕ್ರವಾರ ಫೋಟೊ ಇಲ್ಲ. ರಜೆಯ ತಿಂಗಳು, ಕ್ಯಾಂಪಸ್ಸಿನಲ್ಲಿ ನರಪಿಳ್ಳೆ ಇಲ್ಲ. ಮತ್ತೆ ಇನ್ಯಾರು?

"ಆಚೆ ವಾರದ ಬುಧವಾರದಿಂದ ಓದ್ತೀನಿ," ಎಂದ ಸಂಪಾದಕ. "ನಾನೂರ ಹದಿನೇಳು. ನಾನೂರ ಹನ್ನೆರಡು. ನಾನೂರ ಇಪ್ಪತ್ತಮೂರು. ನಾನೂರ ಹದಿನೈದು. ನಾನೂರ ಹದಿನೆಂಟು. ಹನ್ನೊಂದು. ಹದಿನಾರು. ಇಪ್ಪತ್ತೆರಡು. ಗುರುವಾರ ನಾನೂರ ಇಪ್ಪತ್ತು. ಮುಗೀತು. ಚಪ್ಪಾಳೆ ತಟ್ಟಿ."

"ಅದಕ್ಕೂ ಹಿಂದಿನ ತಿಂಗಳು?"

ಅವನು ನಿಟ್ಟುಸಿರು ಬಿಟ್ಟು ಪುಟ ಜಾರಿಸಿದ. "ಹದಿನೈದು. ಇಪ್ಪತ್ತು. ಇಪ್ಪತ್ತು. ಹತ್ತು. ಇಪ್ಪತ್ತೈದು. ಹದಿನೈದು. ಇಪ್ಪತ್ತು..."

"ಸಾಕು."

ಎಸ್ಸೈ ಪೊಲೀಸ್ ಪರೀಕ್ಷೆ ಪಾಸಾಗುವ ಮೊದಲು ಎರಡು ವರ್ಷ ವಿಜ್ಞಾನ ಓದಿದ್ದಳು. ಓದಿದ್ದರಲ್ಲಿ ಉಳಿದದ್ದು ಕಡಿಮೆ. ಆದರೆ ಗೆರೆ ನೋಡದೆ ಸುಮಾರಾಗಿ ಅಳತೆ ಬರೆದಾಗ ಲ್ಯಾಬಿನ ಮೇಷ್ಟ್ರು ಸ್ಕೇಲಿನಿಂದ ಬೆರಳ ಗೆಣ್ಣಿಗೆ ಕೊಟ್ಟ ಏಟು ಉಳಿದಿತ್ತು.

ಹನಿಯಣ್ಣನ ಅಂಕಿಗಳೆಲ್ಲ ಸೊನ್ನೆಯಲ್ಲಿ, ಇಲ್ಲವೇ ಐದರಲ್ಲಿ ಮುಗಿಯುತ್ತಿದ್ದವು. ಒಂದು ತಿಂಗಳಲ್ಲ, ಅವಳು ನೋಡಿದ ಹನ್ನೊಂದು ವರ್ಷದ ಫೋಟೊಗಳಲ್ಲೂ ಹಾಗೇ. ಆಚೆ ವಾರದ ಆ ಬುಧವಾರದಿಂದ ಮಾತ್ರ ಏಳು, ಎರಡು, ಮೂರು, ಎಂಟು. ನಡುವೆ ಒಂದು ಹದಿನೈದು, ಕೊನೆಗೊಂದು ಇಪ್ಪತ್ತು ಇದ್ದವು. ಆದರೆ ಒಂಬತ್ತು ಅಂಕಿಗಳಲ್ಲಿ ಎರಡು ಹಾಗೆ ಬರುವುದು ಸಹಜ.

"ಈ ಫೋಟೊ ನೀವು ಹಾಕೋದಾ?"

"ನಾನು ಮುಟ್ಟೋದೇ ಇಲ್ಲ. ಕೆಳಗೆ ಕ್ಯಾಮೆರಾ ಸ್ಟ್ಯಾಂಡಿಗೆ ಬಿಗಿದಿದೆ. ಗುಂಡಿ ಒತ್ತಿದ್ರೆ ಫೋಟೊ ತಾನಾಗೇ ಪೇಜಿಗೆ ಬಂದು ಕೂರುತ್ತೆ."

"ಯಾರು ಒತ್ತಿದ್ರೂ?"

"ಬೆಕ್ಕು ಒತ್ತಿದ್ರೂ."

"ಕಲ್ಲು ಬೆಳೆಯೋದನ್ನ ದಿನಾ ನೋಡೋರು ಇದ್ದಾರಾ?"

"ಉಪಕುಲಪತಿಗಳ ಭಾಷಣ ಹಾಕಿದ್ರೆ ಹನ್ನೆರಡು ಜನ ನೋಡ್ತಾರೆ ಮೇಡಂ. ಅದ್ರಲ್ಲಿ ಒಬ್ಬ ನಾನು, ಒಬ್ರು ಅವರೇ. ಹನಿಗೆ ದಿನಕ್ಕೆ ನಲವತ್ತು ಸಾವಿರ."

ಆ ಪುಟದ ಹೆಸರು 'ಹುಚ್ಚಿನ ಕಪಾಟು'. ವಿಶ್ವವಿದ್ಯಾಲಯದ ಹಳೆಯ ವಿಚಿತ್ರ ಪ್ರಯೋಗಗಳನ್ನೆಲ್ಲ ಹುಡುಕಿ ಇವನೇ ಜೋಡಿಸಿದ್ದು. ಆಕಳಿಕೆ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ತಲುಪಲು ಎಷ್ಟು ಹೊತ್ತು ಬೇಕೆಂದು ಮೂರು ವರ್ಷ ಪಾಠದ ನಡುವೆ ಎಣಿಸಿದ ಪ್ರಾಣಿಶಾಸ್ತ್ರದ ಉಪನ್ಯಾಸಕ. ಪರೀಕ್ಷೆಯ ದಿನ ಹಾಲಿನ ಗಾಳಿಯನ್ನು ಶೀಶೆಗಳಲ್ಲಿ ಹಿಡಿದು, ಭಯಕ್ಕೆ ವಾಸನೆ ಇದೆಯೇ ಎಂದು ಮೂಸಿದ ರಸಾಯನಶಾಸ್ತ್ರಜ್ಞೆ. ಒಂದು ವರ್ಷ ಹಿಮ್ಮುಖವಾಗಿಯೇ ನಡೆದು, ಕೊನೆಗೆ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡವನು.

ಇವೆಲ್ಲದರ ಮೇಲೆ ಹನಿ. ಎಪ್ಪತ್ತೊಂದು ವರ್ಷದ ಹಿಂದೆ ಭೂವಿಜ್ಞಾನದ ಮೊದಲ ಪ್ರೊಫೆಸರಿಗೆ ಕಲ್ಲಿಗೆ ಕಿವಿ ಇದೆ ಎಂಬ ಅನುಮಾನ ಬಂತು. ನೆಲಮಾಳಿಗೆಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿಸಿ ಕಲ್ಲು ಬೆಳೆಸಿ, ಅದರ ಬಲಗಡೆ ಕೂತು ಹನ್ನೊಂದು ವರ್ಷ ಪಿಟೀಲು ಬಾರಿಸಿದ. ಕಲ್ಲು ನಿಜಕ್ಕೂ ಬಲಕ್ಕೆ ಬಾಗಿತು. ಪ್ರಬಂಧ ಅಚ್ಚಾಯಿತು. ಆಮೇಲೆ ಗೋಡೆಯ ಎಡಗಡೆ ಗಾಳಿ ಬರುವ ಕಿಂಡಿ ಇರುವುದು ಯಾರೋ ಕಸ ಗುಡಿಸುವವರ ಕಣ್ಣಿಗೆ ಬಿತ್ತು.

ಪಿಟೀಲು ನಿಂತಿತು. ಎಣಿಕೆ ನಿಲ್ಲಲಿಲ್ಲ. ಭಾನುವಾರ, ಹಬ್ಬ, ಮುಷ್ಕರ ಎನ್ನದೆ ಪ್ರತಿದಿನ ಹತ್ತು ಗಂಟೆಗೆ ಹತ್ತು ಹನಿ. ಕೊನೆಯ ಮೂವತ್ತೇಳು ವರ್ಷ ಹನಿಯಣ್ಣನದೇ ಕೈ.

ಕೋಣೆಯ ಮೂಲೆಯಲ್ಲಿ ಕೈ ತೊಳೆಯುವ ನಲ್ಲಿ ತೊಟ್ಟಿಕ್ಕುತ್ತಿತ್ತು. ಎಸ್ಸೈ ತನ್ನ ಫೋನಿನಲ್ಲಿ ಸ್ಟಾಪ್‌ವಾಚ್ ತೆರೆದು ಸಂಪಾದಕನ ಕೈಗೆ ಕೊಟ್ಟಳು.

"ಹತ್ತು ಹನಿ ಎಣಿಸಿ. ಎಷ್ಟು ಸೆಕೆಂಡು ಹೇಳಿ."

"ನನ್ ಮೇಲೇ ಅನುಮಾನಾನಾ?"

"ನನ್ನಮ್ಮನ ಮೇಲೂ ಇದೆ. ಎಣಿಸಿ."

ಒಂದು ಹನಿ ಬಿತ್ತು. ಅವನು ಗುಂಡಿ ಒತ್ತಿ "ಒಂದು" ಎಂದ. ಮುಂದಿನದಕ್ಕೆ "ಎರಡು". ಹತ್ತಕ್ಕೆ ನಿಲ್ಲಿಸಿ ಫೋನು ನೋಡಿದ. "ಅರ್ಧ ನಿಮಿಷ ಅನ್ಕೊಳ್ಳಿ."

ಎಸ್ಸೈ ನೋಡಿದಳು. ಇಪ್ಪತ್ತೇಳು ಸೆಕೆಂಡು.

"ಏನು ಓದಿದ್ದೀರಿ ನೀವು?"

"ಪತ್ರಿಕೋದ್ಯಮ. ಯಾಕೆ, ತಪ್ಪಾಯ್ತಾ?"

"ಮೊದಲನೇ ಹನಿ ಸೊನ್ನೆ. ನೀವು ಅಳೆದಿದ್ದು ಒಂಬತ್ತು ಹನಿ. ಅದನ್ನೂ ಅರ್ಧ ನಿಮಿಷ ಮಾಡಿದ್ರಿ."

"ಮೂರು ಸೆಕೆಂಡಿಗೆ ಯಾರು ಸಾಯ್ತಾರೆ ಮೇಡಂ?" ಅಂದವನು ತನ್ನ ಮಾತು ತನಗೇ ಕೇಳಿ ನಾಲಿಗೆ ಕಚ್ಚಿಕೊಂಡ.

ಅವನಲ್ಲ. ಅವನು ಸ್ಲೇಟು ಬರೆದಿದ್ದರೆ ನಾನೂರ ಹದಿನೇಳರ ಬದಲು ಮುನ್ನೂರ ಎಂಬತ್ತರ ಹತ್ತಿರ ಏನೋ ಬರುತ್ತಿತ್ತು. ಇಲ್ಲವೇ ಹಿಂದಿನ ದಿನದ್ದನ್ನು ನೋಡಿಕೊಂಡು ಸುಮ್ಮನೆ ನಾನೂರ ಇಪ್ಪತ್ತು ಎಂದು ಗೀಚಿರುತ್ತಿದ್ದ. ಮೋಸ ಮಾಡುವವನಿಗೆ ಅದೇ ಸುಲಭ.

ಈ ಮೋಸಗಾರರು ಏಳು ನಿಮಿಷ ಕೂತು ಸರಿಯಾಗಿ ಎಣಿಸಿದ್ದಾರೆ.

ಹೊರಗಿನ ಓಣಿಯ ಬೆಂಚಿನ ಮೇಲೆ ಹನಿಯಣ್ಣನ ತಂಗಿ ಕೂತಿದ್ದಳು. ಬಟ್ಟೆ ಹೊಲಿಯುವವಳು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಮಡಿಲಲ್ಲಿ ಊಟದ ಡಬ್ಬಿ. ಠಾಣೆಯಲ್ಲಿ ಗಂಡನಿಗೆ ಕೊಡಲು ಬಿಡಲಿಲ್ಲವೆಂದು ಎಸ್ಸೈಯನ್ನು ಹುಡುಕಿಕೊಂಡು ಇಲ್ಲಿಯವರೆಗೆ ಬಂದಿದ್ದಳು.

"ಸಾಹೇಬ್ರು ಡಬ್ಬಿ ಬೇಡ ಅಂದ್ರು ಮೇಡಂ. ಇವ್ರಿಗೆ ಹೊಟ್ಟೇಲಿ ಹೊಲಿಗೆ ಇನ್ನೂ ಬಿಚ್ಚಿಲ್ಲ. ಖಾರ ಹಾಕದೆ ಮಾಡಿದ್ದೀನಿ."

"ಕೊಡಿಸ್ತೀನಿ. ಮೊದಲು ಒಂದು ವಿಷ್ಯ ಹೇಳಿ. ನಿಮ್ಮಣ್ಣನ ಕಣ್ಣು ಹೇಗಿದೆ?"

"ಕಣ್ಣಾ? ಮಣ್ಣು. ಸೂಜಿಗೆ ದಾರ ಹಾಕು ಅಂದ್ರೆ ಸೂಜೀನ ದಾರದೊಳಗೆ ಹಾಕಕ್ಕೆ ನೋಡ್ತಾನೆ."

"ಸ್ಟಾಪ್‌ವಾಚಿನ ಸಣ್ಣ ಗೆರೆ ಕಾಣುತ್ತಾ?"

ಅವಳಿಗೆ ನಗು ಬಂತು. ಆ ಪರಿಸ್ಥಿತಿಯಲ್ಲಿ ನಕ್ಕಿದ್ದಕ್ಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅದೆಲ್ಲ ಇರುವೆ ಸಾಲು ಇದ್ದ ಹಾಗೆ ಕಾಣುತ್ತೆ ಅಂತಾನೆ. ದಪ್ಪ ಗೆರೆ ಮಾತ್ರ ನೋಡೋದು. ಐದು, ಹತ್ತು, ಹದಿನೈದು. ಯಾರಿಗೂ ಹೇಳ್ಬೇಡ ಅಂದಿದ್ದ. ಹೊಸಾ ಕನ್ನಡಕ ಹಾಕ್ಸಿಕೊಳ್ಳೋ ಅಂದ್ರೆ, ಹನಿಗೇ ಬೇಜಾರಿಲ್ಲ ನಿಂಗ್ಯಾಕೆ ಅಂತಿದ್ದ."

"ಅವ್ರನ್ನ ಕೊನೇ ಸಲ ನೋಡಿದ್ದು?"

"ಆಪರೇಷನ್ ಹಿಂದಿನ ದಿನ. ಸೋಮವಾರ. ನಾಳೆ ಹನಿ ಮುಗಿಸ್ಕೊಂಡು ಸೀದಾ ಆಸ್ಪತ್ರೆಗೆ ಬರ್ತೀನಿ, ಭಯ ಪಡಬೇಡ ಅಂದ. ಬರ್ಲಿಲ್ಲ. ಇವ್ರಿಗೆ ಗಾಯ ಕೀವಾಗಿ ಎಂಟು ದಿನ ಇಟ್ಕೊಂಡ್ರು. ಎಂಟು ದಿನವೂ ಬರ್ಲಿಲ್ಲ."

"ಎಂಟು ದಿನ ಬರದೇ ಇದ್ರೂ ನಿಮಗೆ ಗಾಬರಿ ಆಗಲಿಲ್ವಾ?"

"ಯಾಕಾಗುತ್ತೆ? ದಿನಾ ಫೋಟೊ ಬರ್ತಿತ್ತಲ್ಲ." ಅವಳು ತನ್ನ ಒಡೆದ ಗಾಜಿನ ಫೋನನ್ನು ತೋರಿಸಿದಳು. "ಅಣ್ಣನ ಹತ್ರ ಫೋನಿಲ್ಲ. ಕೊಡಿಸಿದ್ದನ್ನ ಡಬ್ಬದಲ್ಲಿ ಮಲಗಿಸಿಟ್ಟಿದ್ದಾನೆ. ನಂಗೆ ಇದೇ ಅವನ ಫೋನು. ಹತ್ತು ಗಂಟೆಗೆ ಸ್ಲೇಟು ಬಂತಾ, ಅಣ್ಣ ಎದ್ದಿದ್ದಾನೆ, ಮೈ ಹುಷಾರಾಗಿದೆ. ಈ ಸಲ ನೋಡಿ ನೋಡಿ ಉರೀತು. ಕಲ್ಲಿಗೆ ಟೈಮಿದೆ, ತಂಗಿಗಿಲ್ಲ ಅಂತ. ಇವ್ರ ಮುಂದೆ ಅದನ್ನೇ ಆಡ್ದೆ. ಆಡಬಾರದಿತ್ತು. ಬುಧವಾರ ಮನೆಗೆ ಬಂದೋರು, ಗುರುವಾರ ಸಂಜೆ ಎದ್ದು ಕೇಳೇಬಿಡ್ತೀನಿ ಅಂತ ಹೋದ್ರು. ಅದೇ ಜಗಳ ಮೇಡಂ. ಬೇರೇನಿಲ್ಲ."

ಎಸ್ಸೈ ಅವಳನ್ನೇ ನೋಡಿದಳು. ಅಳು ನಿಜ. ಡಬ್ಬಿ ನಿಜ. ಆದರೆ ನಿಜವಾದ ಅಳುವಿನ ಪಕ್ಕದಲ್ಲೇ ಸುಳ್ಳು ಹಾಯಾಗಿ ಕೂತಿರುವುದನ್ನು ಈ ಕೆಲಸದಲ್ಲಿ ಎಷ್ಟೋ ಸಲ ಕಂಡಿದ್ದಳು.

"ಆಸ್ಪತ್ರೆ ಚೀಟಿ ಇದೆಯಾ?"

ಇತ್ತು. ನಾಲ್ಕು ಮಡಿಕೆ ಮಾಡಿ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಳು. ದಾಖಲು: ಮಂಗಳವಾರ ಬೆಳಿಗ್ಗೆ ಎಂಟು. ಬಿಡುಗಡೆ: ಮುಂದಿನ ಬುಧವಾರ ಸಂಜೆ ನಾಲ್ಕು.

ಹನಿಯಣ್ಣ ತಾನೇ ಬರೆದ ಕೊನೆಯ ಸ್ಲೇಟು ಆ ಮಂಗಳವಾರ ಬೆಳಿಗ್ಗೆ ಹತ್ತರದ್ದು. ಮರುದಿನ ಹತ್ತಕ್ಕೆ ಬೇರೆ ಕೈ. ಏನಾಗಿದ್ದರೂ ಆ ಇಪ್ಪತ್ತನಾಲ್ಕು ಗಂಟೆಯೊಳಗೆ ಆಗಿದೆ. ಆ ಹೊತ್ತಿಗೆ ತಂಗಿಯ ಗಂಡ ಹೊಟ್ಟೆ ಕೊಯ್ಸಿಕೊಂಡು ಪ್ರಜ್ಞೆಯಿಲ್ಲದೆ ಮಲಗಿದ್ದ.

ಅವಳು ಕಿಟಕಿಯ ಹತ್ತಿರ ಹೋಗಿ ಸಾಹೇಬರಿಗೆ ಫೋನು ಮಾಡಿದಳು.

"ಸಾರ್, ಗುರುವಾರದ ಫೋಟೊ ಇಟ್ಕೊಂಡು ಕೇಸು ಕಟ್ಟಿದ್ದೀವಿ. ಅವನು ಕಾಣೆಯಾಗಿದ್ದು ಅದಕ್ಕೂ ಒಂಬತ್ತು ದಿನ ಮುಂಚೆ."

"ಯಾರು ಹೇಳಿದ್ದು?"

"ಅಂಕಿ ಹೇಳ್ತಿದೆ ಸಾರ್." ಬಿಡಿಸಿ ಹೇಳಿದಳು.

"ಏನಮ್ಮಾ, ಕೋರ್ಟಲ್ಲಿ ನಾನು ಸೊನ್ನೆ, ಐದು ಅಂತ ಮಗ್ಗಿ ಹೇಳ್ಲಾ?"

"ಬೇಡ ಸಾರ್. ಆಸ್ಪತ್ರೆ ಚೀಟಿ ಇದೆ. ನಾಳೆ ಎದುರು ವಕೀಲ ಅದನ್ನ ಎತ್ತಿ ಹಿಡಿದ್ರೆ ನಾವು ಮುಖ ಎಲ್ಲಿಡೋಣ? ಮೇಲಾಗಿ ಹೊಲಿಗೆ ಬಿಚ್ಚಿಲ್ಲ. ಲಾಕಪ್ಪಲ್ಲಿ ಏನಾದ್ರೂ ಆದ್ರೆ..."

ಹೊಲಿಗೆಯ ಮಾತು ಕೆಲಸ ಮಾಡಿತು. ಸಾಹೇಬರು ಬೈದರು. ಬೈದ ಮೇಲೆ ಒಪ್ಪಿದರು. ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತೇನೆ. ಆದರೆ ಅವನ ತಲೆ ನಿನ್ನ ತಲೆಗೆ ಎಂದರು.

ಸುದ್ದಿ ಕೇಳಿ ತಂಗಿ ಎಸ್ಸೈಯ ಕೈ ಹಿಡಿದುಕೊಂಡಳು. ಡಬ್ಬಿ ಎತ್ತಿಕೊಂಡು ಓಣಿಯುದ್ದಕ್ಕೂ ಓಡಿದಂತೆಯೇ ನಡೆದಳು. ತಿರುವಿನಲ್ಲಿ ನಿಂತು ಕೇಳಿದಳು: "ಮತ್ತೆ ಅಣ್ಣ?"

"ಅದನ್ನೇ ಕೇಳಕ್ಕೆ ಹೋಗ್ತಿದ್ದೀನಿ."

ನೆಲಮಾಳಿಗೆಗೆ ಎರಡೇ ಕೀಲಿ. ಒಂದು ಹನಿಯಣ್ಣನ ಸೊಂಟದಲ್ಲಿ; ಅವನ ಜೊತೆಗೇ ಕಾಣೆ. ಇನ್ನೊಂದು ಭೂವಿಜ್ಞಾನ ವಿಭಾಗದ ಮುಖ್ಯಸ್ಥೆಯ ಬಳಿ.

ಮುಖ್ಯಸ್ಥೆಯ ಕೋಣೆಯಲ್ಲಿ ಕಾಗದ ಹಾರದಂತೆ ಇಟ್ಟ ಪ್ರತಿ ಕಲ್ಲಿಗೂ ಒಂದು ಚೀಟಿ ಅಂಟಿಸಿತ್ತು. ಐವತ್ತೈದು ದಾಟಿದ ಹೆಂಗಸು, ಬೆನ್ನು ನೇರ, ಮೇಜಿನ ಮೇಲೆ ಪೆನ್ಸಿಲುಗಳೂ ನೇರ. ಎಸ್ಸೈ ಅವರನ್ನು ಇದಕ್ಕೆ ಮೊದಲು ಎರಡು ಸಲ ಮಾತಾಡಿಸಿದ್ದಳು. ಎರಡೂ ಸಲ ಆಕೆ ಹೇಳಿದ್ದು ಒಂದೇ: ನನಗೆ ಗೊತ್ತಿಲ್ಲ, ದಾಖಲೆ ನೋಡಿ.

"ಮತ್ತೆ ಬಂದ್ರಾ? ಕೂತ್ಕೊಳ್ಳಿ."

"ಹೆಚ್ಚು ಹೊತ್ತು ಬೇಡ ಮೇಡಂ. ಟೈಮೆಷ್ಟು?"

ಮುಖ್ಯಸ್ಥೆ ಗೋಡೆಯ ಗಡಿಯಾರದ ಕಡೆ ತಿರುಗಿದರು. "ಮೂರು ಗಂಟೆ ಹದಿನೇಳು ನಿಮಿಷ. ಅದು ಒಂದೂವರೆ ನಿಮಿಷ ಮುಂದಿದೆ. ಸೋ, ಹದಿನೈದೂವರೆ."

"ನನ್ನನ್ನ ಕೇಳಿದ್ರೆ ಮೂರೂಕಾಲು ಅಂತಿದ್ದೆ."

"ಅದು ನಿಮ್ಮ ಅಭ್ಯಾಸ."

"ಹೌದು. ಹನಿಯಣ್ಣನದ್ದೂ ಅದೇ ಅಭ್ಯಾಸ. ನಾನೂರ ಹದಿನೇಳು ಅಂತ ಬರೆಯೋ ಅಭ್ಯಾಸ ನಿಮ್ಮದು."

ಮುಖ್ಯಸ್ಥೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಮಾತ್ರ ಒಂದು ಪೆನ್ಸಿಲನ್ನು ಎತ್ತಿ, ಅದಿದ್ದ ಜಾಗದಲ್ಲೇ ಮತ್ತೆ ಇಟ್ಟಿತು.

"ಅವನಿಗೆ ಸಣ್ಣ ಗೆರೆ ಕಾಣಲ್ಲ ಅನ್ನೋದು ನನಗೆ ಇಪ್ಪತ್ತು ವರ್ಷದಿಂದ ಗೊತ್ತು," ಎಂದರು ಕೊನೆಗೆ. "ಆ ಸಾಲಿನಲ್ಲಿ ನನ್ನ ಅಂಕಿ ಎದ್ದು ಕಾಣುತ್ತೆ ಅಂತಾನೂ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಅವನ ಹಾಗೇ ಬರೀಲಿಲ್ಲ? ಹದಿನೇಳನ್ನ ಹದಿನೈದು ಮಾಡೋಕೆ ಎಷ್ಟು ಹೊತ್ತು?"

"ನಾನು ಹದಿನೇಳು ನೋಡಿದೆ."

"ಅಂದ್ರೆ?"

"ಹದಿನೇಳು ನೋಡಿ ಹದಿನೈದು ಅಂತ ಬರೆಯೋಕೆ ಕೈ ಬರಲಿಲ್ಲ. ನಿಮಗೆ ಅರ್ಥ ಆಗಲ್ಲ."

"ಅರ್ಥ ಆಗುತ್ತೆ. ಹನಿ ವಿಷ್ಯದಲ್ಲಿ ಸುಳ್ಳು ಹೇಳಕ್ಕಾಗಲ್ಲ. ಮನುಷ್ಯನ ವಿಷ್ಯದಲ್ಲಿ ಆಗುತ್ತೆ."

"ಯಾವ ಸುಳ್ಳು? ಸ್ಲೇಟಲ್ಲಿ ಯಾರ ಹೆಸರೂ ಇಲ್ಲ. ತಾರೀಕು, ಅಳತೆ. ಎರಡೂ ನಿಜ."

ಎಸ್ಸೈಗೆ ಒಮ್ಮೆಲೇ ಸಿಟ್ಟು ಬಂತು. ಕುರ್ಚಿಯ ಬೆನ್ನನ್ನು ಹಿಡಿದು ನಿಂತಳು. "ಒಬ್ಬ ಹೆಂಗಸು ಆಸ್ಪತ್ರೆ ಬೆಂಚಿನ ಮೇಲೆ ಕೂತು ದಿನಾ ನಿಮ್ಮ ಸ್ಲೇಟು ನೋಡಿ ಅಣ್ಣ ಚೆನ್ನಾಗಿದ್ದಾನೆ ಅನ್ಕೊಂಡ್ಲು. ಅವಳ ಗಂಡ ಕೊಲೆ ಕೇಸಲ್ಲಿ ಒಳಗೆ ಕೂತ. ಅವನ ಹೊಟ್ಟೆ ಹೊಲಿಗೆ ಮೇಲೆ ನಮ್ಮವರು ಲಾಠಿ ಆಡಿಸಲಿಲ್ಲ ಅನ್ನೋದು ಅವನ ಪುಣ್ಯ. ನೀವು ಇಲ್ಲಿ ಪೆನ್ಸಿಲ್ ಜೋಡಿಸ್ಕೊಂಡು ಕೂತಿದ್ರಿ."

ಮುಖ್ಯಸ್ಥೆ ಮೊದಲ ಸಲ ಕಣ್ಣು ತಗ್ಗಿಸಿದರು.

"ಆ ಮಂಗಳವಾರ ನಾನು ಅವನನ್ನ ಕರೆಸಿದ್ದೆ," ಎಂದರು. "ಹನ್ನೊಂದು ಗಂಟೆಗೆ. ನಿನಗೆ ಎಂಟು ತಿಂಗಳಲ್ಲಿ ನಿವೃತ್ತಿ. ಆಮೇಲೆ ಎಣಿಸೋಕೆ ಯಂತ್ರ ಕೂರಿಸ್ತೀವಿ, ನೀನು ಈಗಲೇ ರಜೆ ತಗೋ, ಕಣ್ಣಿಗೆ ತೋರಿಸ್ಕೋ ಅಂದೆ. ಒಳ್ಳೇದಕ್ಕೇ ಹೇಳಿದ್ದು."

"ಅವನೇನಂದ?"

"ನಾಳೆಯಿಂದ ನೀವೇ ಎಣಿಸ್ಕೊಳ್ಳಿ ತಾಯಿ ಅಂದ. ಬಾಗಿಲು ಜೋರಾಗಿ ಹಾಕ್ಕೊಂಡು ಹೋದ. ಬುಧವಾರ ಹತ್ತಕ್ಕೆ ಐದು ನಿಮಿಷ ಇತ್ತು, ಅವನ ಮಾತು ನೆನಪಾಯ್ತು. ಕೆಳಗೆ ಓಡಿದೆ. ಅವನಿಲ್ಲ. ಕೋಪ ಇಳಿದ ಮೇಲೆ ಬರ್ತಾನೆ ಅನ್ಕೊಂಡೆ. ಎಪ್ಪತ್ತೊಂದು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ನನ್ನ ಕಾಲದಲ್ಲಿ ತಪ್ಪಬಾರದಿತ್ತು."

"ಅವನನ್ನ ಕೊನೇ ಸಲ ನೋಡಿದ್ದು ನೀವು. ಜಗಳ ಆಡಿದ್ದು ನೀವು. ಕೀಲಿ ಇರೋದು ನಿಮ್ಮ ಹತ್ರ. ಕಾಣೆಯಾದ್ದನ್ನ ಮುಚ್ಚಿಟ್ಟಿದ್ದೂ ನೀವು. ಇಷ್ಟು ಸಾಕಲ್ವಾ ನಿಮ್ಮನ್ನ ಜೀಪು ಹತ್ಸೋಕೆ?"

"ಸಾಕು ಅನ್ಸುತ್ತೆ," ಎಂದರು ಮುಖ್ಯಸ್ಥೆ. ದನಿಯಲ್ಲಿ ಭಯವಿತ್ತು, ಆದರೆ ವಿದ್ಯಾರ್ಥಿಯ ಉತ್ತರಪತ್ರಿಕೆ ತಿದ್ದುವ ಬಿಗಿ ಇನ್ನೂ ಹೋಗಿರಲಿಲ್ಲ. "ಆದ್ರೆ ನೀವು ಒಂದು ಕಡೆ ತಪ್ಪು ಎಣಿಸಿದ್ದೀರಿ."

"ಎಲ್ಲಿ?"

"ನಾನು ಬರೆದಿದ್ದು ಎಂಟು ದಿನ. ಒಂಬತ್ತಲ್ಲ."

ಎಸ್ಸೈ ಕುರ್ಚಿಯ ಬೆನ್ನು ಬಿಟ್ಟಳು.

"ಗುರುವಾರದ್ದು ನನ್ನದಲ್ಲ. ಬುಧವಾರ ಮಧ್ಯಾಹ್ನ ಒಂದು ಗಂಟೆ ರೈಲಿಗೆ ಹೋದೆ. ಗುರುವಾರ ಹತ್ತು ಗಂಟೆಗೆ ಬೇರೆ ಊರಿನ ಸಭೇಲಿ ವೇದಿಕೆ ಮೇಲಿದ್ದೆ, ಮುನ್ನೂರು ಜನರ ಮುಂದೆ. ಕೀಲಿ ನನ್ನ ಬ್ಯಾಗಲ್ಲೇ ಇತ್ತು." ಮೇಜಿನ ಡ್ರಾಯರಿನಿಂದ ರೈಲಿನ ಚೀಟಿಗಳನ್ನು ತೆಗೆದು ಇಟ್ಟರು. ಕಲ್ಲುಗಳ ಹಾಗೆ ಅವಕ್ಕೂ ಒಂದು ಕ್ಲಿಪ್ಪು, ತಾರೀಕು. "ನಾಳೆ ದಾಖಲೆ ಮುರಿಯುತ್ತೆ ಅಂತ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ವೇದಿಕೆ ಮೇಲೆ ಮೇಜಿನ ಕೆಳಗೆ ಫೋನ್ ಹಿಡ್ಕೊಂಡು ನೋಡ್ತಾ ಇದ್ದೆ. ಹತ್ತೂ ಎಂಟಕ್ಕೆ ಫೋಟೊ ಬಂತು. ಬಂದ ಮಹಾರಾಯ ಅಂತ ಜೀವ ಬಂತು ನನಗೆ."

"ಶುಕ್ರವಾರ ವಾಪಸ್ ಬಂದು ನೋಡಿದ್ರಾ?"

"ಮಧ್ಯಾಹ್ನ ಬಂದೆ. ಬೀಗ ಹಾಕಿತ್ತು. ಆ ದಿನದ್ದು ತಪ್ಪಿಹೋಗಿತ್ತು. ಮತ್ತೆ ಬಿಟ್ಟುಹೋದ ಅಂತ ಸಿಟ್ಟು ಬಂತು. ಶನಿವಾರ ನೀವು ಬಂದಮೇಲೆ ಬಾಯಿ ಬಿಡೋಕೆ ಧೈರ್ಯ ಆಗಲಿಲ್ಲ."

ಎಸ್ಸೈ ಫೋನು ತೆಗೆದು ಗುರುವಾರದ ಫೋಟೊ ಹಿಗ್ಗಿಸಿದಳು. ನಾನೂರ ಇಪ್ಪತ್ತು.

"ಸ್ಲೇಟಿನ ಮೂಲೆ ನೋಡಿ," ಎಂದರು ಮುಖ್ಯಸ್ಥೆ, ಮೇಜಿನ ಆಚೆಯಿಂದ ಬಾಗಿ. "ನಾನು ಒದ್ದೆ ಬಟ್ಟೇಲಿ ಒರೆಸ್ತೀನಿ. ಎಂಟೂ ದಿನ ಕಪ್ಪಗೆ ಸ್ವಚ್ಛವಾಗಿದೆ. ಇದು ಅಂಗೈಯಲ್ಲಿ ಉಜ್ಜಿದ್ದು. ಬೆರಳ ಗುರುತು ಬಿಳಿಬಿಳಿ ಕಾಣ್ತಿದೆ. ಮೂವತ್ತೇಳು ವರ್ಷ ಅವನು ಹಾಗೇ ಉಜ್ಜಿದ್ದು. ಬೇಡ ಅಂತ ನೂರು ಸಲ ಹೇಳಿದ್ದೀನಿ."

ನಿಜ. ನಾಲ್ಕು ಬೆರಳು, ಒಂದು ಅಂಗೈ.

ಎಸ್ಸೈ ನಿಂತಲ್ಲೇ ಲೆಕ್ಕ ಹಿಂದಕ್ಕೆ ಓಡಿಸಿದಳು. ಕೊನೆಯ ಇಪ್ಪತ್ತನ್ನು ನಾನು ಸಹಜ ಎಂದು ತಳ್ಳಿಬಿಟ್ಟಿದ್ದೆ. ಗೆರೆ ನೋಡಿರಲಿಲ್ಲ. ಸುಮಾರಾಗಿ ಓದಿದ್ದೆ. ಗೆಣ್ಣಿನ ಮೇಲೆ ಸ್ಕೇಲಿನ ಏಟು ಬೀಳಬೇಕಾದದ್ದು ಈಗ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹನಿಯಣ್ಣ ಬದುಕಿದ್ದ. ಎಲ್ಲಿಂದಲೋ ಬಂದು, ತನ್ನ ಕೀಲಿಯಿಂದ ಬಾಗಿಲು ತೆಗೆದು, ಹತ್ತು ಹನಿ ಎಣಿಸಿ ಹೋಗಿದ್ದಾನೆ. ಎಂಟು ದಿನ ಅವನು ಸತ್ತಿರಲಿಲ್ಲ, ಎಲ್ಲೋ ಇದ್ದ. ಅವನಿಗೆ ಏನಾಗಿದ್ದರೂ ಅದು ಆದದ್ದು ಗುರುವಾರ ಹತ್ತರ ಮೇಲೆ.

ಆಸ್ಪತ್ರೆಯ ಚೀಟಿ ಬುಧವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ.

ಸಾಹೇಬರ ಕೇಸು ಮೊದಲಿನಿಂದಲೂ ಸರಿಯಾಗಿಯೇ ನಿಂತಿತ್ತು. ಅದನ್ನು ಬೀಳಿಸಿದ್ದು ತಾನು.

ಅವಳು ಠಾಣೆಗೆ ಫೋನು ಹಚ್ಚಿದಳು. ಎತ್ತಿದ್ದು ಠಾಣೆಯ ಬರವಣಿಗೆ ನೋಡುವ ರೈಟರು.

"ಆ ಆಪರೇಷನ್ ಆಸಾಮಿ ಇದ್ದಾನಾ? ಬಿಡಬೇಡಿ. ಕೂರಿಸ್ಕೊಳ್ಳಿ."

"ಬಿಟ್ಟು ಇಪ್ಪತ್ತು ನಿಮಿಷ ಆಯ್ತಲ್ಲ ಮೇಡಂ. ಹೆಂಡ್ತಿ ಬಂದ್ರು, ರುಜು ಹಾಕಿದ್ರು, ಆಟೊ ಹತ್ತಿದ್ರು. ನೀವೇ ಹೇಳಿದ್ರಂತೆ?"

ಅವಳು ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಕರೆ ಬಂತು. ತಂಗಿಯದು. ಹಿಂದೆ ಬಸ್ಸುಗಳ ಹಾರನ್ನು, ಯಾರೋ ಯಾರನ್ನೋ ಕೂಗುವ ಸದ್ದು.

"ಮೇಡಂ, ನಿಮ್ಗೆ ಮೇಲಿಂದ ಮೇಲೆ ತೊಂದ್ರೆ ಕೊಡ್ತಿದ್ದೀನಿ. ಸಿಟ್ಟಾಗ್ಬೇಡಿ. ಅಣ್ಣ ಸಿಕ್ಕಿದ್ನಾ?"

"ಯಾಕೆ ಹಾಗೆ ಕೇಳ್ತೀರಿ? ನಿಮ್ಮನೆಯವರೆಲ್ಲಿ? ಫೋನ್ ಅವ್ರಿಗೆ ಕೊಡಿ."

"ಇವ್ರಿಲ್ಲ ಮೇಡಂ. ಸೇತುವೆ ಹತ್ರ ಆಟೊ ನಿಲ್ಸಿ ಇಳಿದುಬಿಟ್ರು. ಹೊಲಿಗೆ ಇದೆ, ನಡೀಬೇಡಿ ಅಂದೆ. ಕೇಳ್ಲಿಲ್ಲ." ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. ತಡೆದರೂ ತಡೆಯಲಾಗದ ಒಂದು ಸಂತೋಷವಿತ್ತು. ಅದನ್ನು ಕೇಳಿ ಎಸ್ಸೈ ಬಾಗಿಲಿನ ಕಡೆ ನಡೆದಳು. "ನಿಮ್ಗೇನೋ ಗೊತ್ತಾಗಿದೆ, ಅದಕ್ಕೇ ಇವ್ರನ್ನ ಬಿಡಿಸಿದ್ರಿ ಅನ್ಕೊಂಡೆ."

"ಇಳಿಯುವಾಗ ಏನಂದ್ರು? ಅವ್ರು ಹೇಳಿದ ಹಾಗೇ ಹೇಳಿ."

"ಮನೇಲಿರೋದು ನಾವಿಬ್ರೇ ಮೇಡಂ. ಆದ್ರೂ, ನೀನು ಮನೇಗೆ ಹೋಗಿ ಒಲೆ ಹಚ್ಚು, ಇವತ್ತು ಮೂರು ಜನಕ್ಕೆ ಅಡುಗೆ ಮಾಡು ಅಂದ್ರು."